ಸೈರನ್ ಹಾಕಿಕೊಂಡು ಓದಿದ ಡ್ರೈವರಣ್ಣ

ಶುರು ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮೊದಲ ದಿನ ಹೊಸ ನೋಟ್‌ಬುಕ್ಕು, ಹೊಸ ಪೆನ್ನು, ಮುತ್ತು ಪೋಣಿಸಿದಂಥ ಅಕ್ಷರ. ಹತ್ತನೆಯ ದಿನ ಅದೇ ನೋಟ್‌ಬುಕ್ಕಿನಲ್ಲಿ ಅಂಗಡಿ ಸಾಮಾನಿನ ಪಟ್ಟಿ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದೀತು, ಹುಡುಕಿ ನೋಡಿ. ಈ ಕಥೆಯ ಡ್ರೈವರಣ್ಣನ ರೀತಿ ಮಾತ್ರ ಬೇರೆ. ಅವನು ಶುರುವನ್ನೂ ಜೋರಾಗಿ ಮಾಡಿದ, ಮುಗಿಸಿದ್ದೂ ಜೋರಾಗಿಯೇ. ಎಡವಟ್ಟಾದದ್ದು ಅಲ್ಲೇ.

ಡ್ರೈವರಣ್ಣ ಓಡಿಸುವುದು ಆಂಬುಲೆನ್ಸು. ಹನ್ನೊಂದು ವರ್ಷದಿಂದ ಒಂದೇ ಆಸ್ಪತ್ರೆ. ಅವನ ಸೀಟಿನ ಹಿಂದೆ ತಗಡಿನ ಗೋಡೆ, ಅದರಲ್ಲಿ ಅಂಗೈಯಗಲದ ಗಾಜು. ಗೋಡೆಯ ಆಚೆ ರೋಗಿ, ನರ್ಸಮ್ಮ, ಒಬ್ಬ ಸಹಾಯಕ, ಟುಯ್ ಟುಯ್ ಅನ್ನುವ ಯಂತ್ರ. ಈಚೆ ಇವನು ಮತ್ತು ರಸ್ತೆ. ಯಂತ್ರ ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ರಾಗ ಬದಲಾಯಿಸುತ್ತದೆ. ಯಾಕೆ? ಬೆರಳಿಗೆ ಒಂದು ಕ್ಲಿಪ್ಪು ಹಾಕುತ್ತಾರಲ್ಲ, ತೊಟ್ಟು ರಕ್ತವನ್ನೂ ತೆಗೆಯದೆ ಅದಕ್ಕೆ ರಕ್ತದ ಸಮಾಚಾರ ತಿಳಿಯುವುದು ಹೇಗೆ? ತಿರುಗಿ ನೋಡುವಂತಿಲ್ಲ, ಕೈಯಲ್ಲಿ ಸ್ಟೇರಿಂಗು. ಇಳಿದ ಮೇಲೆ ಕೇಳಿದರೆ ನರ್ಸಮ್ಮನಿಗೆ ಉತ್ತರಿಸಲು ಪುರುಸೊತ್ತಿಲ್ಲ. ಹೀಗೆ ಹನ್ನೊಂದು ವರ್ಷ ಅವನು ಆ ಪ್ರಶ್ನೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಊರೆಲ್ಲ ಸುತ್ತಿದ.

ಒಂದು ದಿನ ನರ್ಸಮ್ಮನೇ ಮಾತು ತೆಗೆದರು. "ಹಿಂದೆ ಕೂರೋ ಸಹಾಯಕರ ತರಬೇತಿಗೆ ಈ ವರ್ಷ ಜನ ತಗೋತಿದ್ದಾರೆ. ನೀವು ಯಾಕೆ ಅರ್ಜಿ ಹಾಕಬಾರದು? ದಿನಕ್ಕೆ ನಲವತ್ತು ಪ್ರಶ್ನೆ ಕೇಳ್ತೀರಿ ನನ್ನನ್ನ."

"ನಾನು ಓದಿರೋದು ಎಂಟನೇ ಕ್ಲಾಸು ಸಿಸ್ಟರ್. ಅದೂ ಅರ್ಧ."

"ಹೈಸ್ಕೂಲ್ ಮುಗಿಸಿರ್ಲೇಬೇಕು. ನಲವತ್ತು ದಾಟಿರಬಾರದು."

ಡ್ರೈವರಣ್ಣನಿಗೆ ಮೂವತ್ತೊಂಬತ್ತು. ಇನ್ನೊಂದು ತರಬೇತಿ ಎರಡು ವರ್ಷ ಬಿಟ್ಟು. ಅಂದರೆ ಈ ಸಲ ಇಲ್ಲದಿದ್ದರೆ ಇಲ್ಲವೇ ಇಲ್ಲ. ನರ್ಸಮ್ಮನೇ ದಾರಿಯನ್ನೂ ತೋರಿಸಿದರು. ಶಾಲೆ ಬಿಟ್ಟ ದೊಡ್ಡವರು ಹೈಸ್ಕೂಲಿಗೆ ಸಮಾನವಾದ ಪರೀಕ್ಷೆ ಬರೆಯಬಹುದು, ಪಾಠವೆಲ್ಲ ಫೋನಿನಲ್ಲೇ ಕೇಳಬಹುದು, ಆ ಪ್ರಮಾಣಪತ್ರಕ್ಕೂ ಅಷ್ಟೇ ಬೆಲೆ. ಪರೀಕ್ಷೆಗೆ ಇನ್ನು ಹದಿನಾಲ್ಕು ವಾರ. ಡ್ರೈವರಣ್ಣ ಅವತ್ತೇ ಹೆಸರು ನೋಂದಾಯಿಸಿದ.

ಮನೆಯಲ್ಲಿ ಹೆಂಡತಿ, ಅಪ್ಪ. ಹೆಂಡತಿ ಮನೆಯಲ್ಲೇ ಇಸ್ತ್ರಿ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿ, ಈಗ ಕಿಟಕಿ ಪಕ್ಕದ ಮಂಚದಲ್ಲಿ ಕೂತು ಬೀದಿಯಲ್ಲಿ ಹೋಗುವ ಗಾಡಿಗಳ ಎಂಜಿನ್ನಿಗೆಲ್ಲ ತಪ್ಪು ಹಿಡಿಯುವವರು. ಅವರು ಮಗನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿ ಹೇಳಿದರು: "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಗೇರು ಹಾಕೋದಕ್ಕೆ ಬೀಜಗಣಿತ ಯಾಕೋ?"

"ಗೇರು ಹಾಕೋದಕ್ಕಲ್ಲಪ್ಪ, ಹಿಂದೆ ಕೂರೋದಕ್ಕೆ."

"ಮುಂದೆ ಕೂತೋನು ಹಿಂದಕ್ಕೆ ಹೋಗೋಕೆ ಓದ್ತಾನಂತೆ. ಕೇಳಿದ್ಯೇನಮ್ಮ?" ಎಂದು ಸೊಸೆಯ ಕಡೆ ತಿರುಗಿದರು. ಸೊಸೆ ಇಸ್ತ್ರಿ ಪೆಟ್ಟಿಗೆ ಎತ್ತಿ, ಕಾಲರನ್ನು ತಿರುಗಿಸಿ ಹಾಕಿದಳು. ಅವಳಿಗೂ ಒಳಗೊಳಗೇ ಅನುಮಾನವಿತ್ತು.

ಆ ಮಾತಿಗೆ ರೋಷ ಬಂದು ಡ್ರೈವರಣ್ಣ ಓದಿಗೆ ಬಿದ್ದ. ಒಟ್ಟು ಐದು ವಿಷಯ, ನೂರ ನಲವತ್ತು ಪಾಠ. ಆಂಬುಲೆನ್ಸಿನ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಕರೆ ಬರುವ ತನಕ ಪಾಠ ಹಾಕಿಕೊಂಡ. ಮೇಷ್ಟ್ರು ನಿಧಾನವಾಗಿ ಮಾತಾಡುತ್ತಿದ್ದಾರೆ ಅನ್ನಿಸಿತು. ವೇಗ ಹೆಚ್ಚಿಸುವ ಗುಂಡಿಯೊಂದು ಕಣ್ಣಿಗೆ ಬಿತ್ತು. ಎರಡು ಪಟ್ಟು ಮಾಡಿದ. ಮೇಷ್ಟ್ರ ದನಿ ಗುಬ್ಬಚ್ಚಿ ದನಿಯಾಯಿತು, ಪಾಠ ಮಾತ್ರ ಸರಸರ ಓಡಿತು. ಒಂದೊಂದು ಪಾಠದ ಕೊನೆಗೆ ಕೆಂಪು ಚೌಕದಲ್ಲಿ ಐದು ಪ್ರಶ್ನೆ ಬರುತ್ತಿದ್ದವು, ಕೆಳಗೆ 'ಆಮೇಲೆ ಉತ್ತರಿಸುವೆ' ಎಂಬ ಗುಂಡಿ. ಇವನು ಯೋಚನೆಯನ್ನೇ ಮಾಡದೆ ಅದನ್ನು ಒತ್ತಿ ಮುಂದೆ ಹೋಗುತ್ತಿದ್ದ. ಹನ್ನೊಂದು ವರ್ಷ ಆಂಬುಲೆನ್ಸು ಓಡಿಸಿದವನಿಗೆ ಕೆಂಪು ಕಂಡರೆ ನಿಲ್ಲುವ ಅಭ್ಯಾಸ ಎಲ್ಲಿಂದ ಬರಬೇಕು ಹೇಳಿ.

ಹತ್ತೊಂಬತ್ತೇ ದಿನ. ನೂರ ನಲವತ್ತು ಪಾಠಕ್ಕೂ ಹಸಿರು ಗುರುತು ಬಿತ್ತು. ಹೆಂಡತಿಗೆ ತೋರಿಸಿದ, ಅಪ್ಪನ ಮೂಗಿನ ಕೆಳಗೆ ಹಿಡಿದ. ಮಾರನೆಯ ದಿನ ಅಭ್ಯಾಸ ಪರೀಕ್ಷೆಗೆ ಕೂತ. ಐವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಒಂಬತ್ತು ಸರಿಯಾಯಿತು.

"ಐವತ್ತಕ್ಕೆ ಒಂಬತ್ತು," ಅಂದರು ಅಪ್ಪ. "ನಾನು ಕಣ್ಣು ಮುಚ್ಚಿ ಗುರುತು ಹಾಕಿದ್ರೂ ಹನ್ನೆರಡು ಬರ್ತಿತ್ತು."

ಲೆಕ್ಕ ಹಾಕಿ ನೋಡಿದರೆ ಅವರು ಹೇಳಿದ್ದು ಸರಿಯೇ. ಡ್ರೈವರಣ್ಣನ ಹೊಟ್ಟೆ ಉರಿದದ್ದು ಅದಕ್ಕೇ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ತನ್ನ ತಲೆಯೇ ಇಷ್ಟು, ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟದ್ದು ಬಡತನಕ್ಕಲ್ಲ, ದಡ್ಡತನಕ್ಕೇ ಇರಬೇಕು ಅನ್ನಿಸಿತು. ಪಾಠದ ಆಪನ್ನು ಫೋನಿನ ಕೊನೆಯ ಪುಟಕ್ಕೆ, ಯಾವತ್ತೂ ಮುಟ್ಟದ ದಿಕ್ಸೂಚಿಯ ಪಕ್ಕಕ್ಕೆ ತಳ್ಳಿದ. ನಾಲ್ಕು ದಿನ ಅದರ ಕಡೆ ತಲೆ ಹಾಕಲಿಲ್ಲ.

ಆಸ್ಪತ್ರೆಯಲ್ಲಿ ರೋಗಿಗಳ ಲಿಫ್ಟು ನೋಡಿಕೊಳ್ಳುವಾಕೆಯನ್ನು ಎಲ್ಲರೂ ಲಿಫ್ಟಕ್ಕ ಅನ್ನುತ್ತಾರೆ. ಐವತ್ತು ದಾಟಿದ ಹೆಂಗಸು. ಎರಡು ವರ್ಷದ ಹಿಂದೆ ಇದೇ ಪರೀಕ್ಷೆಯನ್ನು ಪಾಸು ಮಾಡಿದ್ದಳು, ಲಿಫ್ಟಿನ ಮೂಲೆಯ ಸ್ಟೂಲಿನ ಮೇಲೆ ಕೂತೇ. ಐದನೆಯ ದಿನ ಡ್ರೈವರಣ್ಣ ರಿಜಿಸ್ಟರ್ ಹಿಡಿದು ಲಿಫ್ಟು ಹತ್ತಿದ.

"ಏನೋ, ನಾಲ್ಕು ದಿನದಿಂದ ಒಂದು ಪ್ರಶ್ನೆನೂ ಕೇಳ್ಲಿಲ್ಲ. ಜ್ವರಾನಾ?"

"ಬಿಟ್ಟೆ ಅಕ್ಕ."

"ಏನು ಬಿಟ್ಟೆ? ಟೀ ಬಿಟ್ಯೋ, ಹೆಂಡ್ತಿ ಬಿಟ್ಯೋ?"

"ಓದೋದು. ಪಾಠ ಎಲ್ಲ ಮುಗಿಸ್ದೆ, ಆದ್ರೆ ತಲೆಗೆ ಹತ್ತಲ್ಲ. ಐವತ್ತಕ್ಕೆ ಒಂಬತ್ತು."

"ಎಲ್ಲ ಮುಗಿಸ್ದೆ ಅಂದ್ರೆ? ಶುರು ಮಾಡಿ ತಿಂಗಳೂ ಆಗಿಲ್ಲ. ನನಗೆ ಒಂಬತ್ತು ತಿಂಗಳು ಬೇಕಾಯ್ತು. ಹೇಗೆ ನೋಡ್ದೆ, ತೋರಿಸು."

ಫೋನು ತೆಗೆದು ತೋರಿಸಿದ. ಲಿಫ್ಟಿನೊಳಗೆ ಗುಬ್ಬಚ್ಚಿ ಮೇಷ್ಟ್ರ ಚಿಲಿಪಿಲಿ ಶುರುವಾಯಿತು. ಲಿಫ್ಟಕ್ಕ ನಗುತ್ತ ಎರಡನೆಯ ಮಹಡಿಯ ಗುಂಡಿ ಒತ್ತುವುದನ್ನೇ ಮರೆತಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಗಾಲಿಕುರ್ಚಿಯವರೊಬ್ಬರು ಸುಮ್ಮಸುಮ್ಮನೆ ನಾಲ್ಕನೆಯ ಮಹಡಿ ನೋಡಿ ಬಂದರು.

"ಪಾಠ ಏನು ಪೇಷಂಟಾ, ಬೇಗ ತಲುಪಿಸದೇ ಇದ್ರೆ ಜೀವ ಹೋಗೋಕೆ? ಸೈರನ್ ಹಾಕ್ಕೊಂಡು ಓದಿದೀಯ ಕಣೋ. ಎಲ್ಲ ಪಕ್ಕಕ್ಕೆ ಸರಿದು ದಾರಿ ಬಿಡ್ತು. ಪಾಠನೂ ಪಕ್ಕಕ್ಕೆ ಸರೀತು. ಈ ಕೆಂಪು ಪ್ರಶ್ನೆ ಎಷ್ಟಕ್ಕೆ ಉತ್ತರ ಬರೆದಿದೀಯ?"

"ಒಂದಕ್ಕೂ ಇಲ್ಲ."

"ಹಾಗಾದ್ರೆ ನಿನ್ನ ತಲೆ ವಿಷಯ ಯಾಕೆ ಎತ್ತಿದೆ? ಅದಕ್ಕಿನ್ನೂ ಕೆಲಸನೇ ಕೊಟ್ಟಿಲ್ಲ ನೀನು. ಇಳಿ, ಮೂರನೇ ಮಹಡಿ ಬಂತು."

ಹೀಗೆ ಲಿಫ್ಟಕ್ಕನ ಬುದ್ಧಿಮಾತು ಕಂತಿನಲ್ಲೇ ಸಿಗುವುದು. ಹತ್ತುವಾಗ ಅರ್ಧ, ಇಳಿಯುವಾಗ ಇನ್ನರ್ಧ. ಕೆಳಗೆ ಬರುವಾಗ ಹೇಳಿದಳು: "ನಾಳೆಯಿಂದ ಮೊದಲು ಆ ಐದು ಪ್ರಶ್ನೆ ಓದು. ಗೊತ್ತಿಲ್ಲ ಅಂತ ಗೊತ್ತಾಗ್ಲಿ. ಆಮೇಲೆ ಪಾಠ ಕೇಳು, ಮಾಮೂಲಿ ವೇಗದಲ್ಲಿ. ಉತ್ತರ ಎಲ್ಲಿ ಬರುತ್ತೆ ಅಂತ ಕಿವಿನೇ ಹುಡುಕುತ್ತೆ."

"ಮನಸ್ಸು ಬರ್ಬೇಕಲ್ಲ ಅಕ್ಕ."

"ಮನಸ್ಸಿಗೆ ಕಾಯ್ಬೇಡ. ನೀನು ಬೆಳಿಗ್ಗೆ ಗಾಡಿ ಎಣ್ಣೆ, ಗಾಳಿ, ಆಕ್ಸಿಜನ್ ಎಲ್ಲ ನೋಡ್ತೀಯಲ್ಲ, ಮನಸ್ಸು ಬಂದಾಗ ನೋಡ್ತೀಯಾ?"

"ಅದು ದಿನಾ ನೋಡ್ಲೇಬೇಕು."

"ಅದಾದ ತಕ್ಷಣ ಕಾಲು ಗಂಟೆ ಪಾಠ. ಅಲ್ಲೇ ಸೀಟಲ್ಲಿ. ಪಾಠದ ಕೆಳಗೆ ಪ್ರಶ್ನೆ ಕೇಳೋ ಜಾಗ ಇರುತ್ತೆ, ಗೊತ್ತಿಲ್ಲದೆ ಇರೋದನ್ನ ಅಲ್ಲಿ ಬರಿ, ಟೀಚರ್ ಉತ್ತರ ಕೊಡ್ತಾರೆ. ನಾನು ಕೇಳಿದ ಪ್ರಶ್ನೆ ನೋಡಿದ್ರೆ ಅವರು ಇವತ್ತಿಗೂ ನನ್ನ ನೆನೆಸ್ಕೋತಾರೆ." ಬಾಗಿಲು ಮುಚ್ಚುವಾಗ ಇನ್ನೊಂದು ಸೇರಿಸಿದಳು: "ಕಲಿತದ್ದನ್ನ ಮನೇಲಿ ಯಾರಿಗಾದ್ರೂ ಹೇಳು. ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ನಿನಗೂ ಆಗಿಲ್ಲ ಅಂತ ಲೆಕ್ಕ."

ಹೇಳುವುದು ಸುಲಭ. ಮೊದಲ ಮೂರು ದಿನ ಡ್ರೈವರಣ್ಣನ ಬೆರಳು ತಂತಾನೇ ಆ ಎರಡು ಪಟ್ಟಿನ ಗುಂಡಿಯ ಕಡೆಗೆ ಹೋಗುತ್ತಿತ್ತು. ನಾಲ್ಕನೆಯ ದಿನ ವಿಜ್ಞಾನದಲ್ಲಿ ಬೆಳಕಿನ ಪಾಠ ಬಂತು. ಬೆಳಕು ಕೆಲವು ವಸ್ತುಗಳ ಮೂಲಕ ಹಾದುಹೋಗುತ್ತದೆ, ಕೆಲವು ಅದನ್ನು ಹೀರಿಕೊಳ್ಳುತ್ತವೆ ಎಂದರು ಮೇಷ್ಟ್ರು. ಡ್ರೈವರಣ್ಣನಿಗೆ ಏನೋ ಹೊಳೆದಂತಾಯಿತು. ಪ್ರಶ್ನೆಯ ಜಾಗದಲ್ಲಿ ಬರೆದ: ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಕ್ಲಿಪ್ಪಿಗೂ ಇದಕ್ಕೂ ಸಂಬಂಧ ಇದೆಯೇ? ಮಧ್ಯಾಹ್ನಕ್ಕೆ ಉತ್ತರ ಬಂತು. ಇದೆ, ಒಳ್ಳೆಯ ಪ್ರಶ್ನೆ ಎಂದು ಶುರುಮಾಡಿ ಟೀಚರ್ ಒಂದು ಪುಟ ಬರೆದಿದ್ದರು.

ಅವತ್ತು ಮನೆಗೆ ಬಂದವನೇ ಇಸ್ತ್ರಿ ಮೇಜಿನ ಹತ್ತಿರ ಹೋದ. "ಕೈ ಕೊಡು ಇಲ್ಲಿ."

"ಕೈ ಖಾಲಿ ಇಲ್ಲ ರೀ. ಇನ್ನೂ ಹನ್ನೆರಡು ಅಂಗಿ ಇದೆ."

"ಒಂದೇ ನಿಮಿಷ." ಫೋನಿನ ಟಾರ್ಚು ಹಚ್ಚಿ ಅವಳ ಬೆರಳಿನ ಕೆಳಗೆ ಹಿಡಿದ. ಬೆರಳು ಕೆಂಪಗೆ ಬೆಳಗಿತು. "ನೋಡು, ಬೆಳಕು ಆಚೆ ಬಂತು. ಗಾಳಿ ತುಂಬ್ಕೊಂಡಿರೋ ರಕ್ತ ಒಂದು ಥರ ಬೆಳಕನ್ನ ಹೀರ್ಕೊಳ್ಳುತ್ತೆ, ತುಂಬ್ಕೊಳ್ದೆ ಇರೋದು ಇನ್ನೊಂದು ಥರ. ಆ ಕ್ಲಿಪ್ಪು ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆ ಎಷ್ಟು ಬಂತು ಅಂತ ಅಳೆಯುತ್ತೆ."

ಹೆಂಡತಿ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಗಾಳಿ ತುಂಬ್ಕೊಳ್ಳೋದು ಅಂದ್ರೆ? ಟೈರಿಗೆ ತುಂಬಿದ ಹಾಗಾ? ನನಗರ್ಥ ಆಗ್ಲಿಲ್ಲ."

ಅವನಿಗೂ ಅದು ಅರ್ಥವಾಗಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವನನ್ನು ಯಾರೂ ಎಬ್ಬಿಸಬೇಕಾಗಲಿಲ್ಲ, ರಕ್ತದ ಪಾಠ ತಾನಾಗಿ ಹುಡುಕಿಕೊಂಡು ಹೋದ. ಅಲ್ಲಿಂದ ಮುಂದೆ ದಿನಾ ಸಂಜೆ ಹೆಂಡತಿಯೇ "ಇವತ್ತಿಂದೇನು?" ಎಂದು ಕೇಳುವುದು ರೂಢಿಯಾಯಿತು. ಅವಳು ಸುಲಭಕ್ಕೆ ಬಿಡುವವಳಲ್ಲ. ಕಲೆ ಹೋಗದ ಬಟ್ಟೆಯನ್ನು ಹಿಡಿದಂತೆ ಹಿಡಿದು ಕೇಳುತ್ತಿದ್ದಳು.

ಅಪ್ಪ ಮಾತ್ರ ಕಿಟಕಿಯ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಕಿವಿ ಈ ಕಡೆ ಇತ್ತೇನೋ. ಒಂದು ಸಂಜೆ ಡ್ರೈವರಣ್ಣ ಹೃದಯದ ಪಾಠ ಹೇಳುತ್ತಿದ್ದ. ಬಿ.ಪಿ. ಪರೀಕ್ಷೆಯಲ್ಲಿ ಎರಡು ಸಂಖ್ಯೆ ಬರುತ್ತವಲ್ಲ, ಅದರ ವಿಷಯ ಬಂತು.

"ಅದು ನನಗೆ ಗೊತ್ತು ಬಿಡು," ಅಂದರು ಅಪ್ಪ. "ಮೇಲಿನದು ತಲೇದು, ಕೆಳಗಿನದು ಕಾಲಿಂದು."

ಇಸ್ತ್ರಿ ನಿಂತಿತು. "ಯಾರು ಹೇಳಿದ್ರು ಮಾವ?"

"ಯಾರಾದ್ರೂ ಹೇಳ್ಬೇಕಾ? ಮೇಲಿರೋದು ತಲೆ, ಕೆಳಗಿರೋದು ಕಾಲು. ಕೆಳಗಿನದು ಜಾಸ್ತಿ ಇದೆ ಅಂದಾಗೆಲ್ಲ ನಾನು ಕಾಲು ನೀವ್ಕೊಂಡು ಮಲಗ್ತೀನಿ. ಅವತ್ತು ಮಾತ್ರೆ ಬೇಡ."

ಡ್ರೈವರಣ್ಣನಿಗೆ ನಗು ಉಕ್ಕಿ ಬಂತು, ಮರುಕ್ಷಣವೇ ಅದು ನಿಂತಿತು. ಎಷ್ಟು ದಿನ ಹೀಗೆ ಮಾತ್ರೆ ತಪ್ಪಿಸಿದ್ದಾರೋ. ಅವನು ಅಪ್ಪನ ಮಂಚದ ಮೇಲೆ ಕೂತು, ತನ್ನ ಮುಷ್ಟಿಯನ್ನು ಬಿಗಿದು, ಸಡಿಲಿಸಿ ತೋರಿಸಿದ. "ಹೃದಯ ಹೀಗೆ ಹಿಂಡಿದಾಗ ರಕ್ತ ಎಷ್ಟು ಜೋರಾಗಿ ನುಗ್ಗುತ್ತೋ ಅದು ಮೇಲಿನ ಸಂಖ್ಯೆ. ಹೀಗೆ ಸಡಿಲ ಆದಾಗ ಇರೋ ಒತ್ತಡ ಕೆಳಗಿನದು. ಎರಡೂ ಎದೇದೇ ಅಪ್ಪ. ಕಾಲಿಂದು ಯಾವುದೂ ಇಲ್ಲ. ಮಾತ್ರೆ ಡಾಕ್ಟ್ರು ಹೇಳಿದ ಹಾಗೆ ದಿನಾ ತಗೋಬೇಕು."

ಅಪ್ಪ ಸುಮಾರು ಹೊತ್ತು ತಮ್ಮ ಮುಷ್ಟಿಯನ್ನೇ ಬಿಗಿದು ಸಡಿಲಿಸಿ ನೋಡಿಕೊಂಡರು. ಆಮೇಲೆ ಕೇಳಿದರು: "ಪಿಸ್ಟನ್ ಥರಾನಾ?"

"ಹತ್ತಿರ ಹತ್ತಿರ ಹಾಗೇ."

"ಒಂದು ನಿಮಿಷಕ್ಕೆ ಎಷ್ಟು ಸಲ? ಯಾವತ್ತೂ ನಿಲ್ಲಲ್ವಾ? ಮತ್ತೆ ಅದಕ್ಕೆ ಸರ್ವಿಸು?" ಆ ಸಂಜೆ ಪ್ರಶ್ನೆ ನಿಂತದ್ದು ಊಟಕ್ಕೆ ತಟ್ಟೆ ಹಾಕಿದ ಮೇಲೆಯೇ.

ಪರೀಕ್ಷೆಗೆ ಇನ್ನು ಐದು ವಾರ ಇದ್ದಾಗ ಇನ್ನೊಂದು ತೊಡಕು ಬಂತು. ಜೊತೆಯ ಡ್ರೈವರಿಗೆ ಹುಷಾರಿಲ್ಲದೆ ಇವನಿಗೆ ಎರಡೆರಡು ಪಾಳಿ. ಒಂಬತ್ತು ದಿನ ಒಂದು ಪಾಠವೂ ಆಗಲಿಲ್ಲ. ಹತ್ತನೆಯ ದಿನ ಆಪು ತೆರೆಯಲು ಮುಖವೇ ಇಲ್ಲ ಅನ್ನಿಸಿತು. ಲಿಫ್ಟಕ್ಕನಿಗೆ ಹೇಳಿದ: "ಎಲ್ಲ ಮರೆತೇ ಹೋಯ್ತು. ಮೊದಲ ಪಾಠದಿಂದ ಮತ್ತೆ ಶುರು ಮಾಡ್ತೀನಿ."

"ದಾರೀಲಿ ಟ್ರಾಫಿಕ್ ಜಾಮ್ ಆಯ್ತು ಅಂತ ಗಾಡೀನ ವಾಪಸ್ ಶೆಡ್ಡಿಗೆ ತಂದು ಮತ್ತೆ ಹೊರಡ್ತೀಯಾ?"

"ಇಲ್ಲ."

"ನಿಂತ ಜಾಗದಿಂದ ಹೊರಡು. ನಾನು ಒಂದು ಸಲ ಇಪ್ಪತ್ತು ದಿನ ಬಿಟ್ಟಿದ್ದೆ. ಬಿಟ್ಟಿದ್ದಕ್ಕಿಂತ, ಬಿಟ್ಟೆನಲ್ಲ ಅಂತ ಅಳ್ತಾ ಕೂತಿದ್ದಕ್ಕೇ ಹೆಚ್ಚು ದಿನ ಹೋಯ್ತು."

ಅವನು ನಿಂತ ಜಾಗದಿಂದಲೇ ಹೊರಟ. ಸುಸ್ತಾದ ದಿನ ಪಾಠವಿಲ್ಲ, ಎರಡೇ ಪ್ರಶ್ನೆ. ಪರೀಕ್ಷೆಯ ವಾರ ನರ್ಸಮ್ಮ ಮಾತಾಡಿ ರಜೆ ಕೊಡಿಸಿದರು. ಐದೂ ವಿಷಯ ಬರೆದ. ಮೂರು ವಾರಕ್ಕೆ ಫಲಿತಾಂಶ ಫೋನಿಗೇ ಬಂತು. ನಾಲ್ಕು ವಿಷಯ ಪಾಸು. ವಿಜ್ಞಾನದಲ್ಲಂತೂ ನೂರಕ್ಕೆ ಎಂಬತ್ತೊಂದು. ಗಣಿತದಲ್ಲಿ ಮೂರು ಅಂಕಕ್ಕೆ ಹೋಗಿತ್ತು.

ಮೂರೇ ಅಂಕ. ತರಬೇತಿಗೆ ಹೆಸರು ಕೊಡಲು ಇನ್ನು ಏಳು ವಾರ. ಡ್ರೈವರಣ್ಣ ಫೋನನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಅಪ್ಪನ ಕಡೆ ನೋಡಿದ. ಕೋಟೆ, ಬಾಗಿಲು, ಕೊಳ್ಳೆ, ಏನು ಬರುತ್ತದೋ ಬರಲಿ ಎಂದು ಕಾದ. ಅವನಿಗೆ ನಿಜವಾಗಿ ಅಳು ಬರುವ ಹಾಗಿತ್ತು.

ಅಪ್ಪ ಕಿಟಕಿ ಬಿಟ್ಟು ಎದ್ದು ಬಂದರು. ಕನ್ನಡಕ ಹಾಕಿಕೊಂಡು ಫಲಿತಾಂಶವನ್ನು ಒಂದೊಂದೇ ಸಾಲಾಗಿ ನೋಡಿದರು.

"ಗಣಿತ ಒಂದೇ ಮತ್ತೆ ಬರೀಬಹುದಾ?"

"ಬರೀಬಹುದು. ಇನ್ನೊಂದು ತಿಂಗಳಿಗೆ."

"ಮತ್ತೇನು? ಒಂದು ಟೈರು ಪಂಕ್ಚರ್ ಆದ್ರೆ ಯಾವನೂ ಲಾರಿ ಮಾರಿ ಮನೆಗೆ ಹೋಗಲ್ಲ. ಅದೊಂದನ್ನ ಬಿಚ್ಚು." ಹಾಗೆಂದು ಮಗನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಆ ಬೀಜಗಣಿತ ತೆಗಿ. ನನಗರ್ಥ ಆಗೋ ಹಾಗೆ ಹೇಳು, ನೋಡೋಣ."

ಮೂವತ್ತೊಂಬತ್ತು ವರ್ಷದಲ್ಲಿ ಅಪ್ಪ ಮಗನ ಪುಸ್ತಕದ ಹತ್ತಿರ ಕೂತದ್ದು ಅದೇ ಮೊದಲು. ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡು, ಇಸ್ತ್ರಿ ಆಗಿದ್ದ ಅಂಗಿಗೇ ಮತ್ತೆ ಇಸ್ತ್ರಿ ಹಾಕಿದಳು.

ಎರಡನೆಯ ಸಲ ಗಣಿತದಲ್ಲಿ ಐವತ್ತೆಂಟು ಬಂತು. ತರಬೇತಿ ಮುಗಿಸಿ ಈಗ ಎಂಟು ತಿಂಗಳು. ಮೊನ್ನೆ ಒಂದು ಮಧ್ಯಾಹ್ನ ಆಂಬುಲೆನ್ಸಿನ ಹಿಂದೆ ಮಲಗಿದ್ದ ಹೆಂಗಸೊಬ್ಬಳು ಹೆದರಿ ಇವನ ಮಣಿಕಟ್ಟು ಹಿಡಿದುಕೊಂಡಿದ್ದಳು. ನರ್ಸಮ್ಮ ಸೂಜಿ ಸಿದ್ಧಮಾಡುತ್ತಿದ್ದರು. ಉಸಿರು ಯಾಕೆ ಕಟ್ಟುತ್ತಿದೆ, ಈ ಆಕ್ಸಿಜನ್ ಮಾಸ್ಕು ಏನು ಮಾಡುತ್ತದೆ, ಎಷ್ಟು ಹೊತ್ತಿಗೆ ಹಗುರಾಗುತ್ತದೆ, ಇವನು ಮೆಲುದನಿಯಲ್ಲಿ ಹೇಳುತ್ತ ಹೋದ. ಅವಳ ಹಿಡಿತ ಸಡಿಲವಾಯಿತು.

"ನೀವು ಡಾಕ್ಟ್ರಾ?" ಎಂದು ಕೇಳಿದಳು.

"ಅಲ್ಲಮ್ಮ," ಅಂದ ಅವನು. "ನಾನು ಈಗ ಓದ್ತಾ ಇರೋನು."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ಅಪ್ಪ, ನಿಮ್ಮ ಫೋನಿನಲ್ಲೂ ಅರ್ಧಕ್ಕೆ ನಿಂತ ಪಾಠವೊಂದು ಇರಬಹುದು. ಇನ್ನೂ ಹೆಸರೇ ನೋಂದಾಯಿಸಿಲ್ಲವೇ? ಯಾರು ಬರೆಯಬಹುದು, ಕೊನೆಯ ದಿನ ಯಾವುದು, ಹೋದ ವಿಷಯವನ್ನಷ್ಟೇ ಮತ್ತೆ ಬರೆಯಬಹುದೇ ಎಂದು ನಿಮ್ಮ ಹತ್ತಿರದ ಕೇಂದ್ರದಲ್ಲಿ ಈ ವಾರವೇ ವಿಚಾರಿಸಿ. ನೋಂದಾಯಿಸಿ ನಿಲ್ಲಿಸಿದ್ದೀರಾ? ಎಷ್ಟು ದಿನ ಬಿಟ್ಟೆ ಎಂದು ಲೆಕ್ಕ ಹಾಕಬೇಡಿ. ದಿನಾ ತಪ್ಪದೆ ಮಾಡುವ ಯಾವುದಾದರೂ ಒಂದು ಕೆಲಸದ ಬೆನ್ನಿಗೆ ಕಾಲು ಗಂಟೆ ಓದನ್ನು ಕಟ್ಟಿಬಿಡಿ. ಓದಿದ್ದನ್ನು ಮನೆಯಲ್ಲಿ ಅತಿ ಹೆಚ್ಚು ಅನುಮಾನ ಪಡುವವರಿಗೇ ಹೇಳಿ, ಅವರಷ್ಟು ಒಳ್ಳೆಯ ಪ್ರಶ್ನೆ ಕೇಳುವವರು ಸಿಗುವುದಿಲ್ಲ.

ಇಷ್ಟು ವರ್ಷ ನಿಮಗೆ ತಿಳಿಯಬೇಕು ಅನ್ನಿಸಿ ಕೇಳದೆ ಉಳಿದದ್ದು ಏನಾದರೂ ಒಂದು ಇದ್ದೇ ಇರುತ್ತದೆ. ಇವತ್ತು ಅದನ್ನು ಕೇಳಿ.